ಕಡಲೆ ಬೆಂದ ಮಧ್ಯಾಹ್ನ

ಮೊದಲ ಏಟು ಬಿದ್ದಾಗ ಹಂಪಮ್ಮ ದೇವರ ಜಗುಲಿಯ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದಳು. ಎರಡನೆಯದಕ್ಕೆ ಎದ್ದಳು. ಅಡುಗೆಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಸೊಸೆ ಶಾಂಭವಿಯ ಜಡೆ ಮಗನ ಮುಷ್ಟಿಯಲ್ಲಿತ್ತು. ತುಟಿ ಒಡೆದು ರಕ್ತ ಗದ್ದಕ್ಕಿಳಿದಿತ್ತು.

"ಲಿಂಗ ಕಟ್ಟಿದ ಮನ್ಯಾಗ ಖಂಡ ಬೇಯಸ್ತೀ?" ವಿಶ್ವರಾಧ್ಯ ಅವಳ ತಲೆಯನ್ನು ಗೋಡೆಗೆ ಕುಟ್ಟಿದ. "ಓಣಿ ತುಂಬ ವಾಸನಿ ಹೊಡ್ಯಾಕತ್ತದ."

"ಕಡ್ಲಿ ಅದಾವ್ರಿ. ಮುಚ್ಚಳ ತೆಗದು ನೋಡ್ರಿ."

"ಬಾಯಿ ಮುಚ್ಚು."

ನೋಡುವವನಾಗಿದ್ದರೆ ನೋಡುತ್ತಿದ್ದ. ಒಂದು ಮೊಳ ದೂರದಲ್ಲಿ, ಒಲೆಯ ಮೇಲಿನ ಬೋಗುಣಿಯಲ್ಲಿ ಕಾಬೂಲಿ ಕಡಲೆ ಕೊತಕೊತ ಕುದಿಯುತ್ತಿತ್ತು. ಆದರೆ ಅವನಿಗೆ ಮೂಗೇ ಸಾಕಾಗಿತ್ತು. ಚಕ್ಕೆ, ಲವಂಗ, ದೊಡ್ಡ ಏಲಕ್ಕಿ ಹುರಿದ ವಾಸನೆ ಬಂದರೆ ಅದು ಮಾಂಸವೇ ಎಂದು ನಂಬಿದ್ದ. ಆ ಮನೆಯಲ್ಲಿ ಅಂಥ ಮಸಾಲೆ ಎಂದೂ ಹುರಿದಿರಲಿಲ್ಲ. ಹೆಂಡತಿ ಮೂರು ದಿನ ಜ್ವರದಲ್ಲಿ ನರಳಿದ್ದು ಗೊತ್ತಾಗದ ಗಂಡಸಿಗೆ ಮೂಗು ಮಾತ್ರ ಬಲು ಚುರುಕು.

ಹಂಪಮ್ಮನ ಕಾಲುಗಳು ಹೊಸ್ತಿಲಲ್ಲೇ ನಿಂತುಬಿಟ್ಟವು. ಆ ಕಡಲೆ ನೆನೆಹಾಕಿದವಳು ಅವಳೇ. ಶಹಾಪುರದ ಮದುವೆಯೊಂದರಲ್ಲಿ ತಿಂದ ಮಸಾಲೆ ಕಡಲೆಯ ರುಚಿ ಹತ್ತಿ, ತಿಂಗಳಿಂದ ಸೊಸೆಯ ಬೆನ್ನು ಬಿದ್ದಿದ್ದಳು. ಪಕ್ಕದ ಮನೆಯ ಗುಲ್ನಾಜ್‌ಳಿಂದ ಮಸಾಲೆ ಕೇಳಿ ತಂದವಳೂ ಅವಳೇ. "ಅವರು ಬೈತಾರ್ರಿ ಅತ್ತಿ," ಎಂದು ಶಾಂಭವಿ ಅಂಜಿದಾಗ "ನಾ ಅದೀನಿ, ಮಾಡು" ಎಂದಿದ್ದಳು. ಈಗ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮಗ ಕೈ ಎತ್ತಿದರೆ ಸತ್ತ ಗಂಡನ ಕೈ ನೆನಪಾಗಿ ಈ ವಯಸ್ಸಿನಲ್ಲೂ ಅವಳಿಗೆ ಹೆದರಿಕೆ. ಇಷ್ಟು ಹೊಡೆತ ಬಿದ್ದರೂ ಸೊಸೆ ಅತ್ತೆಯ ಹೆಸರೆತ್ತಲಿಲ್ಲ. ಅದಕ್ಕೇ ಹಂಪಮ್ಮನಿಗೆ ಇನ್ನಷ್ಟು ನಾಚಿಕೆಯಾಯಿತು.

"ನಡಿ ಕೊಂಕಲ್‌ಗೆ, ನಿನ್ನ ತವರಿಗೆ. ನಿಮ್ಮಪ್ಪ ತಿನಸ್ಲಿ." ವಿಶ್ವರಾಧ್ಯ ಅವಳ ಹೊಟ್ಟೆಗೆ ಒದ್ದು, ಜಡೆ ಹಿಡಿದು ಬಾಗಿಲ ಕಡೆ ಎಳೆದ. "ತಿರುಗಿ ಈ ಮನ್ಯಾಗ ಕಾಲಿಟ್ರ ಕಾಲು ಮುರಿತೀನಿ."

ಹಂಪಮ್ಮ ಒಲೆಯತ್ತ ನುಗ್ಗಿ ಬೋಗುಣಿಗೆ ಸೌಟು ಹಾಕಿದವಳೇ, ಕುದಿಯುವ ಕಡಲೆಯನ್ನು ತುಂಬಿಕೊಂಡು ಮಗನ ಪಾದದ ಮೇಲೆ ಸುರಿದಳು. ಅವನು ಚೀರಿ ಜಡೆ ಬಿಟ್ಟ.

"ಖಂಡ ಹೌದೇನು, ನೋಡು. ನಾನಽ ಮಾಡ್ಸೀನಿ. ನನ್ನ ಹೊಡಿ."

ವಿಶ್ವರಾಧ್ಯ ಬಗ್ಗಿ ನೋಡಿದ. ನೆಲದ ತುಂಬ ಕಡಲೆ. ಹೆಂಡತಿಯ ಕಡೆ ಕಣ್ಣೆತ್ತಲಿಲ್ಲ. ಪಾದ ಒರೆಸಿಕೊಂಡು, ಕುಂಟುತ್ತ ಬಂದು ಊಟಕ್ಕೆ ಕೂತ. "ಮೊದ್ಲಽ ಹೇಳಬೇಕಿಲ್ಲೇನು. ರೊಟ್ಟಿ ಹಾಕ್ರಿ, ರಂಗಂಪೇಟಿ ಅಂಗಡಿ ತೆಗ್ಯಾಕ ಹೊತ್ತಾತು."

ತಾಟಿನತ್ತ ಚಾಚಿದ ಕೈಯ ಮೇಲೆ ಹಂಪಮ್ಮ ಸೌಟು ಬೀಸಿ ಹೊಡೆದಳು. ಅವನು ಕೈ ಎಳೆದುಕೊಳ್ಳುವ ಮೊದಲೇ ಮಣಿಕಟ್ಟಿಗೆ ಇನ್ನೊಂದು ಬಿತ್ತು. ಎಲುಬು ಲಟಕ್ಕೆಂದಿತು. ಹೊಡೆಯುವಾಗ ಅವಳಿಗೆ ಅಳು ಬಂತು; ಸುಳ್ಳೇಕೆ, ಜೀವಕ್ಕೆ ತಂಪೂ ಆಯಿತು.

"ಎದ್ದು ಹೊರಗ ಹೋಗು."

ಅವನು ತಾಯಿಯನ್ನು ಹೊಸಬಳನ್ನು ನೋಡಿದಂತೆ ನೋಡಿದ. ಆಮೇಲೆ ಮುರಿದ ಕೈಯನ್ನು ಎದೆಗೊತ್ತಿಕೊಂಡು ಹೋದ.

ಹಂಪಮ್ಮ ಅದೇ ತಾಟಿಗೆ ರೊಟ್ಟಿ, ಕಡಲೆ ಹಾಕಿ ಸೊಸೆಯ ಮುಂದಿಟ್ಟಳು. "ಉಣ್ಣವ್ವ."

ಶಾಂಭವಿ ಒಂದು ಕಾಳು ಬಾಯಿಗಿಟ್ಟಳು. ಖಾರ ತುಟಿಗೆ ತಗುಲಿ ಕಣ್ಣು ತುಂಬಿದವು. ಕಾಳನ್ನು ಇನ್ನೊಂದು ದವಡೆಗೆ ಸರಿಸಿಕೊಂಡು ನಿಧಾನ ಅಗಿದಳು.

"ಉಪ್ಪು ಕಡಿಮಿ ಆಗ್ಯಾದ್ರಿ ಅತ್ತಿ."

ಹಂಪಮ್ಮ ಎದ್ದು ಉಪ್ಪಿನ ಡಬ್ಬಿ ತೆಗೆದುಕೊಂಡಳು. ಬಲಗೈ ಇನ್ನೂ ಸೌಟು ಬಿಟ್ಟಿರಲಿಲ್ಲ, ಎಡಗೈಯೊಂದರಿಂದಲೇ ಎಷ್ಟು ತಿರುವಿದರೂ ಮುಚ್ಚಳ ಬಿಚ್ಚಲಿಲ್ಲ.