ತಂಬೂರಿಯವಳ ಹೆಸರು

ತುಮಕೂರಿನ ಆ ಪುಟ್ಟ ರೇಡಿಯೋ ಸ್ಟೇಷನ್ನಿಗೆ ಗುಬ್ಬಿಯಿಂದ ಬಸ್ಸು ಹತ್ತಿ ಬಂದು ಮಂಗಳಗೌರಿ ಹನ್ನೊಂದು ವರ್ಷ ತಂಬೂರಿ ಮೀಟಿದ್ದಳು. ಒಂದು ಸಲವೂ ಅವಳ ಹೆಸರು ರೇಡಿಯೋದಲ್ಲಿ ಬಂದಿರಲಿಲ್ಲ. ಹಾಡುವವರ ಹೆಸರು ಬರುತ್ತಿತ್ತು, ಪಿಟೀಲಿನವರದು ಬರುತ್ತಿತ್ತು, ಮೃದಂಗದವರದೂ ಬರುತ್ತಿತ್ತು. ಪ್ರಾಯೋಜಕರೆಂದು ಸತ್ಯಮಂಗಲದ ಊದುಬತ್ತಿ ಕಂಪನಿಯ ಹೆಸರಂತೂ ಮೂರು ಸಲ. ಊದುಬತ್ತಿಗಿರುವ ಮರ್ಯಾದೆ ಶ್ರುತಿಗಿಲ್ಲವೆಂದರೆ ಯಾರಿಗೆ ತಾನೇ ಸಿಟ್ಟು ಬಾರದು?

ಕೇಳದೆ ಸುಮ್ಮನಿದ್ದವಳೇನಲ್ಲ ಅವಳು. ಕೇಳಿದಾಗಲೆಲ್ಲ ಸ್ಟೇಷನ್ನಿನ ಮುಖ್ಯಸ್ಥ ಪ್ರಭುದೇವ, "ಮುಂದಿನ ಸಲ ನೋಡಣ ಬಿಡಿ ಮೇಡಂ" ಎನ್ನುತ್ತಿದ್ದ, ದೆವ್ವಕ್ಕೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಾರಲ್ಲ, ಹಾಗೆ. ಒಮ್ಮೆ ಹಾಡು ಮುಗಿದ ಕೂಡಲೇ ಅವಳೇ ಹೆಸರು ಹೇಳಿಕೊಂಡಿದ್ದಳು. ರೆಕಾರ್ಡಿಂಗಿನಿಂದ ಅದಷ್ಟನ್ನೇ ಕತ್ತರಿಸಿ ಹಾಕಿದರು. ರೇಡಿಯೋ ಮುಂದೆ ಕೂತು ಕಾದಿದ್ದ ಅವಳ ತಾಯಿ ಪುಟ್ಟಗಂಗಮ್ಮ, "ನೀನು ದಿಟವಾಗ್ಲೂ ಅಲ್ಲಿಗೇ ಹೋಗ್ತಿಯೇನೇ?" ಎಂದು ಕೇಳಿಬಿಟ್ಟಳು. ಅವತ್ತು ಮಂಗಳಗೌರಿಗೆ ಊಟ ಸೇರಲಿಲ್ಲ.

ಈ ಸಂಜೆಯದು ನೇರಪ್ರಸಾರ, ಕತ್ತರಿ ಆಡುವಂತಿಲ್ಲ. ಅವಳು ಮೊದಲೇ ಹೇಳಿದಳು: "ಇವತ್ತು ಹೆಸರು ಹೇಳ್ದಿದ್ರೆ ಮೀಟಲ್ಲ ಸಾರ್."

ಪ್ರಭುದೇವ ನಕ್ಕ. "ತಂಬೂರಿಯವ್ರ ಹೆಸರು ಹೇಳೋ ಪದ್ಧತಿ ನಮ್ಮಲ್ಲಿಲ್ಲ. ಸುಮ್ನೆ ಹೋಗಿ ಕೂತ್ಕೊಳಿ."

ಮೊದಲು ಕುಣಿಗಲ್ಲಿನ ನಿವೃತ್ತ ಮೇಷ್ಟ್ರು ವೆಂಕಟರಂಗಯ್ಯನವರು ಕೆರೆಗಳ ಬಗ್ಗೆ ಭಾಷಣ ಮಾಡಿದರು. ಆಮೇಲೆ ಉಪ್ಪಾರಹಳ್ಳಿಯ ಹುಡುಗಿಯೊಬ್ಬಳು ತಾನು ಬರೆದ ಕವನ ಓದಿದಳು. ಕೊನೆಗೆ ಸಂಗೀತ. ಉದ್ಘೋಷಕಿ ರೂಪಶ್ರೀ ವಿದ್ವಾನ್ ಷಡಕ್ಷರಿಯವರ ಹೆಸರನ್ನು ಬಿರುದುಗಳ ಸಮೇತ ಓದಿದಳು. ಪಿಟೀಲು, ಮೃದಂಗ, ಊದುಬತ್ತಿ ಎಲ್ಲ ಬಂತು. ತಂಬೂರಿ ಬರಲಿಲ್ಲ.

ಕೆಂಪು ದೀಪ ಹತ್ತಿತು. ಷಡಕ್ಷರಿಯವರು ಕಣ್ಣು ಮುಚ್ಚಿ ಶ್ರುತಿಗೆ ಕಾದರು. ಎಷ್ಟು ಹೊತ್ತಾದರೂ ಇಲ್ಲ. ಕಣ್ಣು ಬಿಟ್ಟರೆ, ಮಂಗಳಗೌರಿ ತಂಬೂರಿಯನ್ನು ತೊಡೆಯ ಮೇಲೆ ಮಲಗಿಸಿ ಕೈ ಕಟ್ಟಿ ಕೂತಿದ್ದಾಳೆ! ಗಾಜಿನಾಚೆ ಪ್ರಭುದೇವ ಬೆಂಕಿ ತುಳಿದವನಂತೆ ಕುಣಿಯುತ್ತಿದ್ದ. ತುಮಕೂರಿನಿಂದ ಗುಬ್ಬಿ, ಕುಣಿಗಲ್ಲಿನ ತನಕ ರೇಡಿಯೋಗಳೆಲ್ಲ ಗಪ್‌ಚುಪ್. ಆದರೂ ಅವಳು ಹಟ ಬಿಡಲಿಲ್ಲ. ಬಗ್ಗಿ, ವಿದ್ವಾಂಸರ ಮುಂದಿದ್ದ ಮೈಕನ್ನು ತನ್ನ ಕಡೆ ತಿರುಗಿಸಿಕೊಂಡಳು.

"ತಂಬೂರಿಯಲ್ಲಿ ಗುಬ್ಬಿಯ ಮಂಗಳಗೌರಿ. ಹನ್ನೊಂದು ವರ್ಷದಿಂದಲೂ ನಾನೇ."

ಮೈಕನ್ನು ವಾಪಸ್ ತಿರುಗಿಸಿ, ತಂಬೂರಿ ಎತ್ತಿ ನಿಲ್ಲಿಸಿ, ಮೀಟತೊಡಗಿದಳು. ಷಡಕ್ಷರಿಯವರು ಒಂದು ಕ್ಷಣ ಅವಳನ್ನೇ ನೋಡಿ ಹಾಡಲು ಶುರುಮಾಡಿದರು.

ಕಛೇರಿ ಮುಗಿದದ್ದೇ ಪ್ರಭುದೇವ ಬಾಗಿಲು ದೂಡಿಕೊಂಡು ಬಂದ. "ನಾಳೆಯಿಂದ ಬರಬೇಡಿ ನೀವು! ಮೊಬೈಲಲ್ಲೇ ತಂಬೂರಿ ಬರುತ್ತೆ."

ಮಂಗಳಗೌರಿ ತಂಬೂರಿಗೆ ಗವಸು ಹಾಕಿ ದಾರ ಬಿಗಿದಳು. "ಹಂಗೇ ಮಾಡಿ ಸಾರ್, ಅದು ಹೆಸರು ಕೇಳಲ್ಲ. ಆದ್ರೆ ನಾನೀಗ ಹೇಳಿದ್ನಲ್ಲ, ಅದನ್ನ ವಾಪಸ್ ತರ್ಸಿ ನೋಡಣ."