ಗೋಣಿಮರದ ಬುಡ

“ಲೇ ಹುಚ್ಚ, ಕೋತಿ ನನ್ಮಗನೇ, ಕುಂತ್ಕಂಡು ಏನ್ಲಾ ನೋಡ್ತೀಯ? ಆ ತುದಿ ಕೊಂಬೆಗೆ ಹಾಕ್ಲಾ ಏಟ್ನ!”

ಕೊಬ್ಬರಿ ಮಂಡಿಯ ಶಂಭುಲಿಂಗಯ್ಯ ಜಗಲಿಯ ಮೇಲೆ ನಿಂತು ಕೂಗುತ್ತಿದ್ದ. ಪೇಟೆಯ ಪುರಸಭೆಗೆ ಅವನು ಸದಸ್ಯ. ಅಂಗಳದಲ್ಲಿ ಬಿಸಿಲಿಗೆ ಹರಡಿದ ಉಂಡೆ ಕೊಬ್ಬರಿಯ ಮೇಲೆ ರಸ್ತೆಬದಿಯ ಗೋಣಿಮರದ ಹಕ್ಕಿಗಳು ಹಿಕ್ಕೆ ಹಾಕುತ್ತವೆಂದು ಮೇಸ್ತ್ರಿ ರಂಗಪ್ಪನಿಗೆ ಹೇಳಿಕಳಿಸಿದ್ದ. ರಂಗಪ್ಪ ಪುರಸಭೆಯ ಕೂಲಿ ಹುಚ್ಚಣ್ಣನನ್ನು ಮರ ಹತ್ತಿಸಿದ್ದ. ಕಡಿದದ್ದನ್ನು ಎಳೆದುಹಾಕಲು ಹುಚ್ಚಣ್ಣನ ಹೆಂಡತಿ, ಪುರಸಭೆಯದೇ ಕೂಲಿ ಚಿಕ್ಕಗೌರಮ್ಮ ಕೆಳಗಿದ್ದಳು.

“ರಾತ್ರಿ ಮಳೆ ಬಿದ್ದು ಮರ ಜಾರ್ತೈತೆ ಬುದ್ದಿ. ಒಂದು ಹಗ್ಗ ಕೊಡ್ಸಿ.”

“ತೆಂಗಿನಮರ ಹತ್ತೋ ಸೂಳೆಮಗಂಗೆ ಹಗ್ಗ ಬೇರೆ ಕೇಡು! ಕಡಿಯೋ!”

ಹುಚ್ಚಣ್ಣ ಕಡಿದ. ಕೊಂಬೆ ಮುರಿದು ಬರುವಾಗ ಅವನನ್ನೂ ಎಳೆದುಕೊಂಡು ಬಂತು.

“ಅಯ್ಯಯ್ಯೋ, ಕೊಬ್ಬರಿ!” ಶಂಭುಲಿಂಗಯ್ಯ ಓಡಿಬಂದು ಸೊಪ್ಪಿನಡಿಯಿಂದ ಉಂಡೆಗಳನ್ನು ಹೆಕ್ಕತೊಡಗಿದ.

ಚಿಕ್ಕಗೌರಮ್ಮ ಸೊಪ್ಪು ಸರಿಸಿ ನೋಡಿದಳು. ಕಿವಿಯಿಂದ ರಕ್ತ ಬರುತ್ತಿತ್ತು. ಪಂಚೆ ತೊಡೆಯ ಮೇಲಕ್ಕೆ ಸರಿದಿತ್ತು. ಅವಳು ಅದನ್ನು ಕೆಳಕ್ಕೆಳೆದು ಮೊಣಕಾಲು ಮುಚ್ಚಿದಳು. ಬೇರೇನೂ ತೋಚಲಿಲ್ಲ.

ಮಂಡಿಯ ವ್ಯಾನು ಅಲ್ಲೇ ನಿಂತಿತ್ತು. ಹುಚ್ಚಣ್ಣನ ತಮ್ಮ ಬೋರಯ್ಯ ಬಂದು ಅಣ್ಣನನ್ನು ಕಸದ ಗಾಡಿಯಲ್ಲಿ ಮಲಗಿಸಿ ತಳ್ಳಿಕೊಂಡು ಹೋದ. ಆಸ್ಪತ್ರೆಯಲ್ಲಿ ಗಾಡಿಯಿಂದ ಇಳಿಸುವ ಮೊದಲೇ ಕಂಪೌಂಡರು ನಾಡಿ ಹಿಡಿದು ನೋಡಿ, ವಾಪಸು ತಳ್ಳಿಕೊಂಡು ಹೋಗಿ ಎಂದ.

ಮಧ್ಯಾಹ್ನ ರಂಗಪ್ಪ ಕೇರಿಗೆ ಬಂದು ದೂರದಲ್ಲೇ ನಿಂತ.

“ಸೌದೆ ಆಸೆಗೆ ಅವ್ನೇ ಹತ್ತಿದ್ದ ಅಂತ ಹೇಳವ್ರೆ ಸಾವ್ಕಾರ್ರು. ನೀನೂ ಹಂಗೇ ಅನ್ನು, ನಿನ್ ಕೆಲ್ಸನಾದ್ರೂ ಉಳೀತದೆ. ಕೊಂಬೆನೆಲ್ಲ ನೀನೇ ತಗಾಬೇಕಂತೆ. ಹೆಣ ಸುಡಾಕಾಯ್ತದೆ.”

“ನಾವು ಸುಡಾಕಿಲ್ಲ ಮೇಸ್ತ್ರಿ, ಹೂಳ್ತೀವಿ,” ಎಂದಳು ಚಿಕ್ಕಗೌರಮ್ಮ. ದಾರಿ ಕೇಳಿದವರಿಗೆ ದಾರಿ ಹೇಳಿದ ಹಾಗಿತ್ತು ಅವಳ ದನಿ.

“ಎಲ್ಲಿ ಹೂಳ್ತೀಯ?”

ಕೇರಿಯವರು ಹೆಣ ಹೂಳುತ್ತಿದ್ದ ಜಾಗದಲ್ಲಿ ಕಳೆದ ಮಳೆಗಾಲ ಪುರಸಭೆಯವರು ವನಮಹೋತ್ಸವ ಮಾಡಿ ಸುತ್ತ ಮುಳ್ಳುತಂತಿ ಬಿಗಿದಿದ್ದರು. ಅಲ್ಲಿ ಸಸಿಗಳಿಗೆ ಗುಂಡಿ ತೋಡಿದವನು ಹುಚ್ಚಣ್ಣ. ಮೂಳೆ ಸಿಕ್ಕಿದರೆ ಅದನ್ನು ಅಲ್ಲೇ ಇಟ್ಟು ಮಣ್ಣೆಳೆದು, ಮೇಲೆ ಸಸಿ ನಿಲ್ಲಿಸುತ್ತಿದ್ದ. ಬೇಸಿಗೆಯೆಲ್ಲ ಅವಕ್ಕೆ ನೀರು ಹೊತ್ತವಳು ಇವಳು.

“ಗಿಡ ಈಗ ಬೇರು ಬಿಡ್ತಾವೆ. ಅಲ್ಲಿ ಗುದ್ದಲಿ ಹಾಕಿದ್ರೆ ಪೋಲೀಸ್ನೋರು ಎಳ್ಕಂಡೋಯ್ತಾರೆ,” ಎಂದ ರಂಗಪ್ಪ.

“ಮತ್ತೆ ನಾವು ಸತ್ರೆ ಎಲ್ಲಿಗೋಗಾದು?” ಬೋರಯ್ಯ ಕೇಳಿದ.

“ಅರ್ಜಿ ಕೊಡ್ರಲಾ. ನೋಡ್ತಾರೆ.”

ಚಿಕ್ಕಗೌರಮ್ಮ ಎದ್ದು ಗುಡಿಸಲ ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡಳು. “ಗಾಡಿ ತಳ್ಳಪ್ಪ ಬೋರ.”

ತಂತಿಬೇಲಿಯ ಕಡೆಗೇ ಹೊರಟಳೆಂದು ಕೇರಿಯವರು ಹಿಂದೆ ನಡೆದರು. ಅವಳು ಪೇಟೆಯ ಕಡೆ ತಿರುಗಿದಳು. ಮಂಡಿಯ ಎದುರು ಗಾಡಿ ನಿಲ್ಲಿಸಿ, ಗೋಣಿಮರದ ಬುಡದಲ್ಲಿ ಹಾರೆ ಹಾಕಿದಳು.

“ಏಯ್ ಮುಂಡೇ, ಏನೇ ಮಾಡ್ತಿದೀಯ?” ಶಂಭುಲಿಂಗಯ್ಯ ಜಗಲಿಗೆ ಬಂದ.

ಬೆಳಿಗ್ಗೆಯಾಗಿದ್ದರೆ ಅದು ಬರೀ ಬೈಗುಳ. ಈಗ ನಿಜ. ಅವಳಿಗೆ ಏನೂ ಅನ್ನಿಸಲಿಲ್ಲ.

“ಗುಂಡಿ ತೋಡ್ತಾ ಇವ್ನಿ.”

“ಅಂಗಡಿ ಮುಂದೆ ಹೆಣ ಹೂಳ್ತೀಯೇನೇ? ರೋಡು ಕಣೇ ಇದು! ಮರದ ಬೇರು ಕಿತ್ತೋಗ್ತದೆ! ಲೇ ರಂಗಪ್ಪಾ, ಪೋಲೀಸ್ನೋರ್ನ ಕರ್ಯೋ!”

ಅವಳು ತೋಡುತ್ತಲೇ ಇದ್ದಳು. ಮೊಣಕಾಲುದ್ದ ಇಳಿದಾಗ ತೋಳಿನಷ್ಟು ದಪ್ಪನೆಯ ಬೇರು ಅಡ್ಡ ಬಂತು. ಹಾರೆ ಚಿಮ್ಮಿ ಅಂಗೈ ಜುಮ್ಮೆಂದಿತು. ಮತ್ತೆ ಹಾಕಿದಳು, ಮತ್ತೆ ಚಿಮ್ಮಿತು.

“ಅತ್ತಾಗ್ ಸರಿ ಅತ್ಗೆ,” ಎಂದು ಬೋರಯ್ಯ ಮರದಡಿ ಬಿದ್ದಿದ್ದ ಅಣ್ಣನ ಕೊಡಲಿ ಹಿಡಿದು ಗುಂಡಿಗಿಳಿದ.

ಎರಡನೇ ಏಟಿಗೆ ಬೇರು ಬಿಟ್ಟುಕೊಂಡು ಬಿಳಿ ಹಾಲು ಒಸರಿತು. ಪೊಲೀಸ್ ಸ್ಟೇಷನ್ನಿನ ಕಡೆಯಿಂದ ಸೀಟಿ ಕೇಳಿಸಿತು. ಚಿಕ್ಕಗೌರಮ್ಮ ತಲೆಯೆತ್ತದೆ, ಕಡಿದ ಬೇರಿನ ಪಕ್ಕ ಹಾರೆ ಇಳಿಸಿದಳು.