ಎರಡು ಸಲ ಮಲಗುವ ವೀರ

ಆ ವಿಡಿಯೊ ಗೇಮಿನ ವೀರನಷ್ಟು ನಿದ್ದೆಬಡುಕ ಮೂರು ಲೋಕ ಹುಡುಕಿದರೂ ಸಿಗಲಿಕ್ಕಿಲ್ಲ. ಪಾಪ, ಅವನ ತಪ್ಪೇನೂ ಇಲ್ಲ. ಅವನನ್ನು ಆಡಿಸುವವರು ಇಬ್ಬರು. ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವ ಅಕ್ಕ ಸಂಜೆ ಬಂದು ಆಡುತ್ತಿದ್ದಳು. ಬೇಕರಿಯಲ್ಲಿ ರಾತ್ರಿಪಾಳಿ ಮಾಡುವ ತಮ್ಮ, ಅಕ್ಕನ ಬಾಯಲ್ಲಿ 'ಗೂಬೆ', ಬೆಳಿಗ್ಗೆ ಬಂದು ಅದೇ ಆಟ ಮುಂದುವರಿಸುತ್ತಿದ್ದ. ಒಂದೇ ಸೂರಿನಡಿ ಇದ್ದರೂ ಅವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದದ್ದು ಭಾನುವಾರ ಮಾತ್ರ.

ಆಟದೊಳಗೂ ಹೊತ್ತು ಹುಟ್ಟುತ್ತಿತ್ತು, ಮುಳುಗುತ್ತಿತ್ತು. ಅಕ್ಕನಿಗೆ ಕತ್ತಲೆಂದರೆ ಜೀವ ಬಾಯಿಗೆ ಬರುತ್ತಿತ್ತು. ತೋಳ ಊಳಿಟ್ಟರೆ ಸಾಕು, ವೀರನನ್ನು ಛತ್ರಕ್ಕೆ ಓಡಿಸಿ ಬೆಳಗಾಗುವ ತನಕ ಮಲಗಿಸಿಬಿಡುತ್ತಿದ್ದಳು. ಗೂಬೆಗೋ ಇರುಳೇ ಬೇಕು. ಆಟ ತೆರೆದೊಡನೆ ಅವನು ವೀರನನ್ನು ಕತ್ತಲಾಗುವ ತನಕ ಮತ್ತೆ ಮಲಗಿಸುತ್ತಿದ್ದ.

ಹೀಗಿರುವಾಗ ಹೊಸ ಅಪ್‌ಡೇಟ್ ಬಂತು. ಅದರಲ್ಲಿ 'ರಾತ್ರಿ ಬೇಡ' ಎಂದೊಂದು ಗುಂಡಿ. ಒತ್ತಿದರೆ ಸದಾ ಹಗಲು. ಅಕ್ಕ ಹಿಂದೆಮುಂದೆ ನೋಡದೆ ಒತ್ತಿಯೇ ಬಿಟ್ಟಳು.

ಭಾನುವಾರ ಗೂಬೆ ಮುಖ ಊದಿಸಿಕೊಂಡು ಕೂತಿದ್ದ.

"ರಾತ್ರಿ ತೆಗೆದುಹಾಕಿದ್ದು ನೀನೇ ತಾನೆ?"

"ಹೌದು ಕಣೋ. ಅಂಗಡಿ ಮುಚ್ಚಿರುತ್ತೆ, ಕಣ್ಣು ಕಾಣಲ್ಲ, ತೋಳಗಳ ಕಾಟ ಬೇರೆ. ಯಾವ ಪುರುಷಾರ್ಥಕ್ಕೆ ಬೇಕು ರಾತ್ರಿ?"

"ಬರೀ ಹಗಲಿದ್ರೆ ಅದೊಂದು ಊರಾ? ಟ್ಯೂಬ್‌ಲೈಟ್ ಹಾಕಿದ ಗೋಡೌನು! ನನಗೆ ಬೇಡಪ್ಪ. ನೀನೊಬ್ಬಳೇ ಆಡ್ಕೋ."

ಅಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇವನು ಆಟ ಬಿಟ್ಟರೆ ತಮ್ಮಿಬ್ಬರ ನಡುವೆ ಉಳಿಯುವುದು ಫ್ರಿಜ್ಜಿನ ಮೇಲಿನ 'ಹಾಲು ತಾ' ಚೀಟಿಯೊಂದೇ. ಆದರೂ ಸುಲಭಕ್ಕೆ ಸೋಲೊಪ್ಪುವ ಜಾಯಮಾನ ಅವಳದಲ್ಲ.

"ರಾತ್ರೀಲಿ ನೀನು ಕಡಿದು ಕಟ್ಟೆ ಹಾಕ್ತಿದ್ದದ್ದಾದ್ರೂ ಏನೋ?"

"ದೀಪದ ಕಂಬ ನೆಡ್ತಿದ್ದೆ. ಛತ್ರದಿಂದ ಹೊಳೆ ತನಕ. ಅಲ್ಲಿ ರಾತ್ರಿ ಮಾತ್ರ ಬರೋ ದೋಣಿಯವನಿದಾನೆ, ದ್ವೀಪಕ್ಕೆ ದಾಟಿಸ್ತಾನೆ. ನೀನು ಹೆದರದೆ ನಡ್ಕೊಂಡು ಹೋಗ್ಲಿ, ಮೊದಲು ನೀನೇ ಕಾಲಿಡ್ಲಿ ಅಂತ ನಾನೂ ದಾಟಿಲ್ಲ. ಎಲ್ಲಾ ಸಿದ್ಧವಾದ್ಮೇಲೆ ಹೇಳೋಣ ಅಂತಿದ್ದೆ. ಆದ್ರೆ ಯಾವನೋ ಕಳ್ಳ ನೆಟ್ಟಿದ್ದನ್ನೆಲ್ಲ ಕಿತ್ಕೊಂಡು ಹೋಗ್ತಿದಾನೆ. ಅವನ ಮನೆ ಹಾಳಾಗ!"

ಅಕ್ಕ ನಾಲಿಗೆ ಕಚ್ಚಿಕೊಂಡಳು.

"ಹಾಗನ್ಬೇಡ್ವೋ. ನಮ್ಮನೇನೇ ಅದು."

"ಏನು?"

"ಹಗಲಲ್ಲಿ ನಿನ್ನ ದೀಪ ಉರೀತಿರಲಿಲ್ವಲ್ಲ! ತುಕ್ಕು ಹಿಡಿದ ಕಬ್ಬಿಣ ಅಂದ್ಕೊಂಡೆ. ದಿನಾ ಎಲ್ಲಿಂದ ಬರ್ತಾವಪ್ಪಾ ಅಂತ ನನಗೂ ಆಶ್ಚರ್ಯಾನೇ. ಕಿತ್ತು ಕಮ್ಮಾರನಿಗೆ ಕೊಟ್ಟು ಕವಚ ಮಾಡಿಸ್ದೆ."

ಗೂಬೆ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ನನ್ನ ದೀಪಾನೆಲ್ಲ ಮೈಮೇಲೆ ಹೊತ್ಕೊಂಡು ತಿರುಗ್ತಿದ್ದೀಯಲ್ಲೇ!"

ಅಕ್ಕನಿಗೆ ನಗುವೂ ಬಂತು, ಅಳುವೂ ಬಂತು. ಇಷ್ಟು ದಿನ ಈ ಹುಡುಗ ತನಗಾಗಿ ದಾರಿ ಬೆಳಗಿಸುತ್ತಿದ್ದ. ತಾನು ಅದನ್ನೇ ಕಿತ್ತು ತಿಂದೆನಲ್ಲ ಎಂದುಕೊಂಡಳು. ಆ ಗುಂಡಿಯನ್ನು ಮತ್ತೆ ಒತ್ತಿ ರಾತ್ರಿಯನ್ನು ಮರಳಿ ತಂದಳು. ಹೊತ್ತು ಮುಳುಗುವವರೆಗೆ ಕಾದು ವೀರನನ್ನು ಛತ್ರದ ಬಾಗಿಲಿಂದ ಆಚೆ ನಿಲ್ಲಿಸಿದಳು. ಎದುರಿಗೆ ಗವ್ವೆನ್ನುವ ಕತ್ತಲು.

"ಒಂದು ದೀಪಾನೂ ಇಲ್ಲ ಕಣೇ. ನಾನು ಮತ್ತೆ ನೆಡ್ತೀನಿ, ಆಮೇಲೆ ಹೋಗುವಿಯಂತೆ."

"ಸುಮ್ನಿರು. ದಾರಿ ನಿನಗೆ ಬಾಯಿಪಾಠ ತಾನೆ? ಎಡಕ್ಕೋ ಬಲಕ್ಕೋ ಹೇಳ್ತಾ ಹೋಗು."

"ಎಡಕ್ಕೆ," ಎಂದ ಗೂಬೆ, ಕುರ್ಚಿ ಪಕ್ಕಕ್ಕೆಳೆದುಕೊಂಡು.

ತೋಳ ಊಳಿಟ್ಟಿತು. ಅಕ್ಕ ಕಿಟಾರನೆ ಕಿರುಚಿದಳು. ಆದರೆ ಛತ್ರದ ಕಡೆಗೆ ಓಡಲಿಲ್ಲ.